ಮೊದಲು ನಿಂತ ಹಡಗು, ಆಮೇಲೆ ಓಡುವ ಹಡಗು

ಕ್ರೂಸ್‌ಗೆ ಹೋಗಬೇಕು, ಎಲ್ಲಿಂದ ಶುರು ಮಾಡೋದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ಮೊದಲು ಎಲ್ಲಿಗೂ ಹೋಗದ ಹಡಗಿನಲ್ಲಿ ಒಂದು ರಾತ್ರಿ ಮಲಗಿ ಬನ್ನಿ. ಓಡುವ ಹಡಗು ಆಮೇಲೆ.

ನಾನು ಇದನ್ನು ಉಲ್ಟಾ ಮಾಡಿದವನು. ಅಮ್ಮನಿಗೆ ಎಪ್ಪತ್ತು ತುಂಬಿತು ಅಂತ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಹಡಗು ಹತ್ತಿಸಿದೆ. ಬಫೆ, ಡಿಜೆ, ತಂಬೋಲ, ಮ್ಯಾಜಿಕ್ ಶೋ. ಅಮ್ಮ ಮಂಗಳೂರಿನ ಬಂದರಿನ ಹತ್ತಿರ ಹುಟ್ಟಿ ಬೆಳೆದವಳು. ಎರಡನೇ ದಿನ ಮಧ್ಯಾಹ್ನ ಕೇಳಿಯೇ ಬಿಟ್ಟಳು: "ಹಡಗಿಗೆ ಹೋಗುವ ಅಂತ ಹೇಳಿ ಮಾಲ್‌ಗೆ ಕರ್ಕೊಂಡು ಬಂದದ್ದಾ ಮಾರಾಯ?"

ತಪ್ಪು ಹಡಗಿನದ್ದಲ್ಲ. ಹಡಗನ್ನು ಹೇಗೆ ನೋಡಬೇಕು ಅಂತ ನಮಗೇ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ದುಬೈನಲ್ಲಿ ಕಟ್ಟಿಹಾಕಿರುವ ಒಂದು ಮುದಿ ಹಡಗು. ಹಾಗಾಗಿ ಈ ಕ್ರಮ.

ರೂಟ್ ಬಸ್ಸು, ಟೂರ್ ಬಸ್ಸು

ಲೈನರ್ ಮತ್ತು ಕ್ರೂಸ್ ಹಡಗು ಒಂದೇ ಅಲ್ಲ. ಲೈನರ್ ಅಂದರೆ ರೂಟ್ ಬಸ್. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್, ಇಂಥ ದಿನ ಹೊರಟು ಇಂಥ ದಿನ ತಲುಪಬೇಕು. ಗಾಳಿ ಇರಲಿ, ಮಂಜು ಇರಲಿ, ಟಪಾಲು ಮತ್ತು ಜನ ಆಚೆ ದಡ ಸೇರಲೇಬೇಕು. ಕ್ರೂಸ್ ಹಡಗು ಟೂರ್ ಬಸ್. ಹವಾಮಾನ ಕೆಟ್ಟರೆ ದಾರಿ ಬದಲಿಸುತ್ತದೆ, ಒಂದು ಬಂದರು ಬಿಟ್ಟೇ ಬಿಡುತ್ತದೆ.

ಈ ಒಂದು ವ್ಯತ್ಯಾಸದಿಂದ ಆಕಾರವೇ ಬೇರೆ. ಅಲೆ ಸೀಳಬೇಕು ಅಂತ ಲೈನರ್‌ನ ಮೂತಿ ಉದ್ದ, ಚೂಪು. ಒಡಲು ನೀರಿನೊಳಗೆ ಆಳಕ್ಕೆ ಇಳಿದಿರುತ್ತದೆ, ಉಕ್ಕು ದಪ್ಪ, ವೇಗ ಜಾಸ್ತಿ. ಕ್ರೂಸ್ ಹಡಗು ಚೌಕಾಕಾರದ ಅಪಾರ್ಟ್‌ಮೆಂಟ್. ಎಷ್ಟು ಬಾಲ್ಕನಿ ಹಿಡಿಸುತ್ತದೆ ಅನ್ನುವುದೇ ಅದರ ಲೆಕ್ಕ. 2024ರಲ್ಲಿ ಓಡಲು ಶುರುವಾದ ಐಕಾನ್ ಆಫ್ ದ ಸೀಸ್ ಎರಡೂವರೆ ಲಕ್ಷ ಟನ್ ಹತ್ತಿರ ಇದೆ. ಟೈಟಾನಿಕ್ 46 ಸಾವಿರ ಚಿಲ್ಲರೆ. ಅಂದಹಾಗೆ ಇಲ್ಲಿ ಟನ್ ಅಂದರೆ ತೂಕ ಅಲ್ಲ, ಒಳಗಿನ ಜಾಗದ ಅಳತೆ. ಬ್ರೋಷರ್ ಓದುವಾಗ ಇದು ಎಲ್ಲರನ್ನೂ ಯಾಮಾರಿಸುತ್ತದೆ.

1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಹಾರಿತು. ಐದು ದಿನದ ದಾರಿ ಕೆಲವೇ ಗಂಟೆಯದ್ದಾಯಿತು. ಲೈನರ್‌ಗಳ ಕಥೆ ಅಲ್ಲಿಗೆ ಇಳಿಮುಖ.

ಯಾವ ಹಡಗು, ಎಲ್ಲಿದೆ

ನಿವೃತ್ತಿಯಾದ ಹಡಗಿಗೆ ಪಿಂಚಣಿ ಸಿಗುವುದು ಅಪರೂಪ. ಬಹುಪಾಲು ಗುಜರಿಗೆ ಹೋಗುತ್ತವೆ. ಆ ಗುಜರಿ ನಮ್ಮ ದೇಶದಲ್ಲೇ ಇದೆ, ಗುಜರಾತಿನ ಅಲಂಗ್. 1,035 ಅಡಿ ಉದ್ದದ 'ಫ್ರಾನ್ಸ್' ಒಂದು ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಡಗು. ಆಮೇಲೆ 'ನಾರ್ವೆ' ಆಗಿ ಕ್ರೂಸ್ ಮಾಡಿತು. ಕೊನೆಗೆ 'ಬ್ಲೂ ಲೇಡಿ' ಅನ್ನುವ ಹೆಸರಲ್ಲಿ 2006ರಲ್ಲಿ ಅಲಂಗ್‌ಗೆ ಬಂತು. ಒಳಗಿದ್ದ, ಆರೋಗ್ಯಕ್ಕೆ ಅಪಾಯವಾದ ಆಸ್ಬೆಸ್ಟಾಸ್ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2007ರಲ್ಲಿ ಒಡೆಯಲು ಅನುಮತಿ ಸಿಕ್ಕಿತು. ಇವತ್ತಿಗೂ ಅಲಂಗ್ ರಸ್ತೆಯ ಎರಡೂ ಕಡೆ ಹಡಗಿನ ಮಂಚ, ತಟ್ಟೆ, ಕನ್ನಡಿ, ಲೈಫ್ ಜಾಕೆಟ್ ಮಾರುವ ಅಂಗಡಿಗಳ ಸಾಲಿದೆ.

ಒಳಗೆ ಕಾಲಿಡಲು ಸಿಗುವ ಹಳೆ ದೊಡ್ಡ ಹಡಗುಗಳು ಬೆರಳೆಣಿಕೆಯಷ್ಟು. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವವರಿಗೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಕ್ವೀನ್ ಮೇರಿ ಇದೆ. 1936ರಲ್ಲಿ ಮೊದಲ ಸಲ ಓಡಿದ ಹಡಗು. ಯುದ್ಧಕಾಲದಲ್ಲಿ, 1943ರ ಜುಲೈನಲ್ಲಿ, ಒಂದೇ ಸಲಕ್ಕೆ 16,683 ಜನರನ್ನು ಹೊತ್ತು ಅಟ್ಲಾಂಟಿಕ್ ದಾಟಿತ್ತು. 1967ರ ಡಿಸೆಂಬರ್‌ನಿಂದ ಅಲ್ಲೇ ನಿಂತಿದೆ, ಈಗ ಹೋಟೆಲ್. ಯೂರೋಪಿಗೆ ಹೋದರೆ ರಾಟರ್‌ಡ್ಯಾಮ್ ನಗರದಲ್ಲಿ ಅದೇ ಹೆಸರಿನ ಹಡಗು, 1959ರದ್ದು, ಅದೂ ಹೋಟೆಲ್. ಜಪಾನಿನ ಯೊಕೊಹಾಮಾದಲ್ಲಿ 1930ರ ಹಿಕಾವಾ ಮಾರು. ಅಲ್ಲಿ ಉಳಿಯಲು ಆಗುವುದಿಲ್ಲ, ಮ್ಯೂಸಿಯಂ. ಚಾರ್ಲಿ ಚಾಪ್ಲಿನ್ 1932ರಲ್ಲಿ ಅದರಲ್ಲೇ ಪ್ರಯಾಣ ಮಾಡಿದ್ದ.

ನಮಗೆ ಹತ್ತಿರದ್ದು ದುಬೈನ ಕ್ವೀನ್ ಎಲಿಜಬೆತ್ 2. ಎಲ್ಲರೂ ಕ್ಯೂಇ2 ಅಂತಲೇ ಕರೆಯುತ್ತಾರೆ. ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ನೇರ ವಿಮಾನ, ನಾಲ್ಕು ಗಂಟೆ ಹತ್ತಿರದ ಪ್ರಯಾಣ. ಮುಂದಿನ ಕೆಲವು ಹೆಜ್ಜೆಗಳು ಇದರ ಬಗ್ಗೆಯೇ.

ಹತ್ತುವ ಮೊದಲು ಕಥೆ ತಿಳಿದಿರಲಿ

ಈ ಕಥೆ ಬಿಟ್ಟರೆ ಕ್ಯೂಇ2 ಬರೀ ಹಳೆ ಲಾಡ್ಜ್. ಅರ್ಧ ಗಂಟೆ ಓದಿಕೊಂಡು ಹೋಗಿ.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಕಟ್ಟಿದ್ದು. 1967ರ ಸೆಪ್ಟೆಂಬರ್ 20ಕ್ಕೆ ರಾಣಿ ಎಲಿಜಬೆತ್ ನೀರಿಗೆ ಬಿಟ್ಟರು. 1969ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ಗೆ ಮೊದಲ ಓಟ. ವಿಮಾನಗಳು ಆಗಲೇ ಗೆದ್ದಾಗಿತ್ತು. ಕಟ್ಟಿಸಿದ ಕ್ಯುನಾರ್ಡ್ ಕಂಪನಿಗೂ ಅದು ಗೊತ್ತಿತ್ತು. ಹಾಗಾಗಿ ಎರಡು ಕೆಲಸಕ್ಕೆ ಆಗುವಂತೆ ಮಾಡಿಸಿದರು: ಬೇಸಿಗೆಯಲ್ಲಿ ಅಟ್ಲಾಂಟಿಕ್ ದಾಟುವ ಲೈನರ್, ಚಳಿಗಾಲದಲ್ಲಿ ಬಿಸಿಲಿನ ಕಡೆ ಕ್ರೂಸ್. ಅದಕ್ಕೇ ಅಗಲ 105 ಅಡಿ. ಆಗಿನ ಪನಾಮ ಕಾಲುವೆಯ ಲಾಕ್, ಅಂದರೆ ಹಡಗನ್ನು ಏರಿಸಿ ಇಳಿಸುವ ನೀರಿನ ತೊಟ್ಟಿ, 110 ಅಡಿ ಅಗಲ. ಎರಡೂ ಕಡೆ ಎರಡೆರಡೂವರೆ ಅಡಿ ಮಾತ್ರ ಜಾಗ. ಮೇಲಿನ ಅಂತಸ್ತುಗಳನ್ನು ಅಲ್ಯೂಮಿನಿಯಂನಲ್ಲಿ ಕಟ್ಟಿ ತೂಕ ಇಳಿಸಿದರು. ವೇಗ 32 ನಾಟ್ ದಾಟುತ್ತಿತ್ತು, ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಈಗಿನ ಕ್ರೂಸ್ ಹಡಗುಗಳು 20, 22 ನಾಟ್‌ಗೇ ಸಮಾಧಾನ ಪಟ್ಟುಕೊಳ್ಳುತ್ತವೆ.

1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಕರೆ ಬಂತು. ಕಾರ್ಪೆಟ್ ಹಾಳಾಗಬಾರದು ಅಂತ ಹಾರ್ಡ್‌ಬೋರ್ಡ್ ಹಾಸಿದರು, ಡೆಕ್ ಮೇಲೆ ಹೆಲಿಕಾಪ್ಟರ್ ಇಳಿಯಲು ಜಾಗ ಮಾಡಿದರು. ಮೂರು ಸಾವಿರ ಸೈನಿಕರನ್ನು ಹೊತ್ತು ಹೊರಟಿತು. ವಾಪಸ್ ಬರುವಾಗ, ಮುಳುಗಿದ ಯುದ್ಧನೌಕೆಗಳಿಂದ ಬದುಕಿ ಉಳಿದವರನ್ನು ಮನೆಗೆ ತಂದಿತು. 1986ರಿಂದ 87ರ ನಡುವೆ ಹಬೆ ಎಂಜಿನ್ ಕಿತ್ತು ಒಂಬತ್ತು ಡೀಸೆಲ್ ಎಂಜಿನ್ ಕೂರಿಸಿದರು. ಈಗ ಕಾಣುವ ದಪ್ಪನೆ ಕೆಂಪು ಹೊಗೆಗೊಳವೆ ಆಗಿನದ್ದು. ಮೊದಲಿನದ್ದು ಸಣಕಲು.

1995ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಹೊತ್ತಿಗೆ ಸುಮಾರು 95 ಅಡಿ ಎತ್ತರದ ಅಲೆ ಎದುರಾಯಿತು. ಹಡಗು ನಡೆಸುವ ಕೊಠಡಿಯ ಕಣ್ಣಳತೆಗೆ ನೀರಿನ ಗೋಡೆ. ಇಂಗ್ಲೆಂಡಿನ ಕಡಲತೀರದ ಡೋವರ್‌ನ ಬಿಳಿ ಬಂಡೆಗಳಿಗೇ ಹೋಗಿ ಗುದ್ದುತ್ತಿದ್ದೇವೆ ಅನ್ನಿಸಿತು ಅಂತ ಕ್ಯಾಪ್ಟನ್ ರೊನಾಲ್ಡ್ ವಾರ್ವಿಕ್ ಆಮೇಲೆ ಹೇಳಿದ್ದರು. ಅದನ್ನೂ ಸೀಳಿಕೊಂಡು ಬಂತು. ಆದರೆ 2008ರ ನವೆಂಬರ್ 11ರಂದು, ಸೌತಾಂಪ್ಟನ್‌ಗೆ ಕೊನೆಯ ಸಲ ಬರುವಾಗ, ಬಂದರಿನ ಹೊರಗಿನ ಮರಳಿನ ದಿಣ್ಣೆಗೆ ಸಿಕ್ಕಿಹಾಕಿಕೊಂಡಿತು! ಟಗ್ ಎಂಬ ಎಳೆಯುವ ದೋಣಿಗಳು ಬಂದು ಬಿಡಿಸಬೇಕಾಯಿತು. ಹೋಗಲು ಮನಸ್ಸಿರಲಿಲ್ಲವೇನೋ.

ದುಬೈ ಸರ್ಕಾರದ ಕಂಪನಿ 10 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. 2008ರ ನವೆಂಬರ್ 26ಕ್ಕೆ ಹಡಗು ದುಬೈ ಸೇರಿತು. ಅದೇ ಹೊತ್ತಿಗೆ ಜಗತ್ತಿನ ದುಡ್ಡೆಲ್ಲ ಮುಳುಗಿತು. ಹತ್ತು ವರ್ಷ ಸುಮ್ನೆ ನಿಂತಿತ್ತು. 2018ರ ಏಪ್ರಿಲ್‌ನಲ್ಲಿ ಕೊನೆಗೂ ಹೋಟೆಲ್ ಬಾಗಿಲು ತೆರೆಯಿತು.

ಕೋಣೆ, ಸಮಯ, ದಾರಿ

ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೆಯಲ್ಲಿ ಡೆಕ್ ಮೇಲೆ ಐದು ನಿಮಿಷ ನಿಲ್ಲಲು ಆಗುವುದಿಲ್ಲ, ಹಡಗಿನ ಅರ್ಧ ಸುಖ ಡೆಕ್ ಮೇಲೇ ಇರುವುದು.

ಕೋಣೆ ಬುಕ್ ಮಾಡುವ ಮುನ್ನ ಎರಡು ವಿಷಯ ನೋಡಿ. ಒಂದು, ಹಡಗಿನ ಯಾವ ಭಾಗ ತೆರೆದಿದೆ, ಯಾವುದರ ಕೆಲಸ ನಡೆಯುತ್ತಿದೆ. ಹಳೆ ಹಡಗಿನಲ್ಲಿ ರಿಪೇರಿ ಮುಗಿಯುವುದೇ ಇಲ್ಲ. ಎರಡು, ಗೈಡ್ ಜೊತೆಗಿನ ಟೂರ್ ಯಾವ ಹೊತ್ತಿಗೆ. ಅದನ್ನು ಬಿಡಬೇಡಿ. ನಡೆಸುವ ಕೊಠಡಿ, ಅಂದರೆ ಬ್ರಿಡ್ಜ್, ಸುಮ್ನೆ ಹೋದವರಿಗೆ ಕಾಣಸಿಗುವುದು ಕಷ್ಟ.

ಕೋಣೆಯಲ್ಲಿ ದುಂಡು ಕಿಟಕಿ ಇರುವಂಥದ್ದನ್ನೇ ಕೇಳಿ. ದೊಡ್ಡ ಚೌಕ ಕಿಟಕಿಯ ಕೋಣೆಗೆ ಬೆಲೆ ಜಾಸ್ತಿ, ಆದರೆ ಹೋಟೆಲ್ ಅನ್ನಿಸುತ್ತದೆ. ದುಂಡು ಕಿಟಕಿಯ ಪಕ್ಕ ಮಲಗಿದರೆ ಹಡಗು ಅನ್ನಿಸುತ್ತದೆ. ಇದು ನನ್ನ ಅಭಿಪ್ರಾಯ, ಅಮ್ಮನಿಗೆ ಚೌಕವೇ ಇಷ್ಟ.

ಹಡಗು ಇರುವುದು ಪೋರ್ಟ್ ರಶೀದ್‌ನಲ್ಲಿ. ಹತ್ತಿರದ ಮೆಟ್ರೊ ಹಸಿರು ಮಾರ್ಗದ ಅಲ್ ಗುಬೈಬಾ, ಅಲ್ಲಿಂದ ಟ್ಯಾಕ್ಸಿ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಸಂಜೆ ಬಿಡುವಿದ್ದರೆ ದುಬೈ ಕ್ರೀಕ್‌ಗೆ ಹೋಗಿ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ದಾಟಿ. ಇಷ್ಟು ಅಗ್ಗದ ಜಲಯಾನ ದುಬೈನಲ್ಲಿ ಬೇರೆ ಸಿಗಲಿಕ್ಕಿಲ್ಲ. ಹಡಗಿನ ಊಟ ದುಬಾರಿ ಅನ್ನಿಸಿದರೆ ಬರ್ ದುಬೈ, ಕರಾಮ ಕಡೆ ಇಡ್ಲಿ ದೋಸೆಗೆ ಬರವಿಲ್ಲ.

ಒಳಗೆ ಹೇಗೆ ಸುತ್ತಬೇಕು

ಮೊದಲು ಹತ್ತಬೇಡಿ. ದಕ್ಕೆಯ ಮೇಲೆ ನಿಂತು ಮೂತಿಯಿಂದ ಬಾಲದವರೆಗೆ ನಡೆಯಿರಿ. 963 ಅಡಿ. ಮೂತಿ ಹೇಗೆ ಮೇಲಕ್ಕೆ ಬಾಗಿದೆ, ಒಡಲು ನೀರಿನ ಹತ್ತಿರ ಹೇಗೆ ಸಣ್ಣಗಾಗುತ್ತದೆ ನೋಡಿ. ಚಳಿಗಾಲದಲ್ಲಿ ಇದೇ ಬಂದರಿಗೆ ಹೊಸ ಕ್ರೂಸ್ ಹಡಗೂ ಬಂದು ನಿಲ್ಲುವುದುಂಟು. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಮೇಲೆ ಹೇಳಿದ ಬಸ್ಸಿನ ಮಾತು ತಾನಾಗಿ ಅರ್ಥವಾಗುತ್ತದೆ.

ಒಳಗೆ ಹೋದ ಮೇಲೆ ಉದ್ದದ ಕಾರಿಡಾರ್ ಒಂದರ ತುದಿಗೆ ಹೋಗಿ ನಿಲ್ಲಿ. ಆಚೆ ತುದಿ ನೋಡಿ. ನೆಲ ಸಪಾಟಾಗಿಲ್ಲ! ಮಧ್ಯದಲ್ಲಿ ತಗ್ಗು, ಎರಡೂ ತುದಿ ನಿಧಾನಕ್ಕೆ ಮೇಲೆ. ಎರಡು ಕಂಬಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ ಜೋತುಬಿದ್ದ ಹಾಗೆ. ಅಲೆ ಮೂತಿ ಹತ್ತಿ ಒಳಗೆ ಬರದಿರಲಿ ಅಂತ ಹಳೆ ಹಡಗುಗಳನ್ನು ಹೀಗೆ ಕಟ್ಟುತ್ತಿದ್ದರು. ಹೊಸ ಹಡಗಿನಲ್ಲಿ ಇದು ಹುಡುಕಿದರೂ ಕಾಣುವುದಿಲ್ಲ, ನೆಲ ನೇರಾನೇರ. ನನಗೆ ಕ್ಯೂಇ2ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ನೆಲ. ರಾತ್ರಿ ಹನ್ನೊಂದಕ್ಕೆ, ಯಾರೂ ಇಲ್ಲದಾಗ, ಒಂದು ತುದಿಯಿಂದ ಇನ್ನೊಂದಕ್ಕೆ ನಡೆದೆ. ಇಳಿದು ಹತ್ತಿದ್ದು ಕಾಲಿಗೆ ಗೊತ್ತಾಗುತ್ತದೆ. ಹಡಗು ಅಲುಗುತ್ತಿಲ್ಲ, ಆದರೂ ಕಾಲು ಸಮುದ್ರದಲ್ಲಿದ್ದೇನೆ ಅನ್ನುತ್ತದೆ.

ಡೆಕ್‌ಗೆ ಹೋಗುವ ಬಾಗಿಲುಗಳನ್ನೂ ಗಮನಿಸಿ. ಭಾರ ಜಾಸ್ತಿ, ಕೆಳಗೆ ಎತ್ತರದ ಅಂಚು, ನೀರು ಒಳಗೆ ನುಗ್ಗದ ಹಾಗೆ. "ಹಡಗಿಗೂ ಹೊಸ್ತಿಲು ಉಂಟಲ್ಲ" ಅಂದ ಅಮ್ಮ ಅದನ್ನು ತುಳಿಯದೆ ದಾಟಿದಳು. ಕಾರಿಡಾರಿನ ಗೋಡೆಗುಂಟ ಇರುವ ಕೈಹಿಡಿ ಅಲಂಕಾರಕ್ಕಲ್ಲ. ಆ 95 ಅಡಿ ಅಲೆಯ ರಾತ್ರಿ ಎಷ್ಟು ಕೈಗಳು ಅದನ್ನು ಬಿಗಿಯಾಗಿ ಹಿಡಿದಿರಬೇಕು ಅಂತ ಯೋಚಿಸಿ, ಒಮ್ಮೆ ಹಿಡಿದು ನೋಡಿ.

ಕ್ವೀನ್ಸ್ ರೂಮ್ ಎಂಬ ನೃತ್ಯದ ಸಭಾಂಗಣ, ಗೋಲ್ಡನ್ ಲಯನ್ ಪಬ್, ಚಾರ್ಟ್ ರೂಮ್ ಬಾರ್. ಇವುಗಳಲ್ಲಿ ತೆರೆದಿರುವ ಯಾವುದರಲ್ಲಾದರೂ ಒಂದು ಗಂಟೆ ಸುಮ್ಮನೆ ಕೂತುಕೊಳ್ಳಿ. ಒಂದು ಕಾಫಿ ಸಾಕು. ಲೈನರ್‌ನಲ್ಲಿ ಜನ ಮಾಡುತ್ತಿದ್ದದ್ದೂ ಅದನ್ನೇ. ಐದು ದಿನ ಹೋಗಲು ಬೇರೆ ಜಾಗ ಇರಲಿಲ್ಲ. ಓದುತ್ತಿದ್ದರು, ಹರಟುತ್ತಿದ್ದರು, ನೀರು ನೋಡುತ್ತಿದ್ದರು. ಇಷ್ಟು ರೂಢಿ ಮಾಡಿಕೊಂಡರೆ ನೀವು ಕ್ರೂಸ್‌ಗೆ ತಯಾರು.

ಈಗ ಓಡುವ ಹಡಗು ಆರಿಸಿ

ಮೂರು ನಾಲ್ಕು ರಾತ್ರಿಯದ್ದು ಸಾಕು. ಮುಂಬೈಯಿಂದ, ಸಿಂಗಪುರದಿಂದ, ಚಳಿಗಾಲದಲ್ಲಿ ದುಬೈಯಿಂದ ಸಿಗುತ್ತವೆ. ಎಷ್ಟು ಬಂದರು ಅನ್ನುವುದಕ್ಕಿಂತ ಇಡೀ ದಿನ ಸಮುದ್ರದಲ್ಲೇ ಇರುವ ದಿನ ಎಷ್ಟು ಅಂತ ನೋಡಿ. ಅಂಥದ್ದು ಒಂದಾದರೂ ಇರಲಿ.

ಬಂದರಿನ ದಿನಗಳ ಬಗ್ಗೆ ಜಾಸ್ತಿ ಆಸೆ ಬೇಡ. ನಮ್ಮ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳನ್ನೇ ನೋಡಿ. ಬೆಳಿಗ್ಗೆ ಇಳಿದವರನ್ನು ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಒಂದು ಗೇರುಬೀಜದ ಫ್ಯಾಕ್ಟರಿ ಅಂತ ಸುತ್ತಿಸಿ ಸಂಜೆಗೆ ವಾಪಸ್ ಹತ್ತಿಸುತ್ತಾರೆ. ಅವರಿಗೆ ಕರ್ನಾಟಕ ಅಂದರೆ ಅಷ್ಟೇ. ದುಬೈಯಿಂದ ಕ್ರೂಸ್ ಹೋದರೆ ನಿಮಗೆ ಮಸ್ಕತ್ ಅಂದರೂ ಅಷ್ಟೇ.

ಕ್ಯಾಬಿನ್ ವಿಷಯ. ಹೊಟ್ಟೆ ತೊಳೆಸುವವರು ಕೆಳಗಿನ ಡೆಕ್, ಹಡಗಿನ ನಟ್ಟನಡು ತೆಗೆದುಕೊಳ್ಳಿ. ತಕ್ಕಡಿಯ ಮುಳ್ಳಿನ ಹಾಗೆ, ನಡುವೆ ಅಲುಗಾಟ ಕಡಿಮೆ. ಮೇಲಿನ ಬಾಲ್ಕನಿ ಚೆಂದ, ಆದರೆ ತೂಗುವುದೂ ಅಲ್ಲೇ ಜಾಸ್ತಿ. ಈಜುಕೊಳ, ಡಿಜೆ ಹಾಲ್ ಇವುಗಳ ಕೆಳಗಿನ ಕ್ಯಾಬಿನ್ ಬೇಡವೇ ಬೇಡ. ಹಡಗಿನ ನಕ್ಷೆ ವೆಬ್‌ಸೈಟಿನಲ್ಲಿರುತ್ತದೆ, ಮೇಲೇನಿದೆ ಕೆಳಗೇನಿದೆ ನೋಡಿಯೇ ದುಡ್ಡು ಕಟ್ಟಿ. ಎಡವೋ ಬಲವೋ ಅನ್ನುವ ಚಿಂತೆ ಬಿಡಿ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ದೊಡ್ಡ ಮನುಷ್ಯರು ಬರುವಾಗ ಎಡಗಡೆ, ಹೋಗುವಾಗ ಬಲಗಡೆ ನೆರಳಿನ ಕ್ಯಾಬಿನ್ ಹಿಡಿಯುತ್ತಿದ್ದರು, ಹಡಗಿನ ಭಾಷೆಯಲ್ಲಿ ಎಡ ಅಂದರೆ ಪೋರ್ಟ್, ಬಲ ಅಂದರೆ ಸ್ಟಾರ್‌ಬೋರ್ಡ್, ಹಾಗಾಗಿ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಅನ್ನುವುದರ ಮೊದಲಕ್ಷರಗಳಿಂದಲೇ 'ಪಾಶ್' ಅನ್ನುವ ಪದ ಬಂತು ಅಂತ ಕಥೆ ಹೇಳುತ್ತಾರೆ. ಹಾಗೆ ಮುದ್ರೆ ಒತ್ತಿದ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ.

ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಎಷ್ಟು ಅನ್ನುವುದು. ಒಬ್ಬರೇ ಹೋದರೆ ದುಪ್ಪಟ್ಟಿನ ಹತ್ತಿರ ಬರಬಹುದು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ದಿನಕ್ಕಿಷ್ಟು ಅಂತ ಸಿಬ್ಬಂದಿಯ ಟಿಪ್ಸ್, ವೈಫೈ, ಪಾನೀಯ. ಎಲ್ಲ ಕೂಡಿಸಿ ಆಮೇಲೆ ಹೋಲಿಕೆ ಮಾಡಿ. ದುಬೈಯಿಂದ ಒಮಾನ್‌ಗೆ ಹೋಗಿ ಮತ್ತೆ ದುಬೈಗೇ ಬರುವ ಹಡಗಾದರೆ ನೀವು ಎರಡು ಸಲ ದೇಶದೊಳಗೆ ಬಂದ ಲೆಕ್ಕ. ಒಂದೇ ಸಲ ಪ್ರವೇಶದ ವೀಸಾ ಸಾಕಾಗದೇ ಇರಬಹುದು. ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಈ ರುಚಿ ಹತ್ತಿದರೆ ಮುಂದೊಂದು ದಿನ ನಿಜವಾದ ಲೈನರ್‌ನಲ್ಲೇ ಹೋಗಬಹುದು. 2004ರಲ್ಲಿ ಶುರುವಾದ ಕ್ವೀನ್ ಮೇರಿ 2 ಈಗಲೂ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುತ್ತದೆ, ಸಾಮಾನ್ಯವಾಗಿ ಏಳು ರಾತ್ರಿ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ಆಗಾಗ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ದಿನಕ್ಕೆ 25 ಗಂಟೆ! ನಿದ್ದೆಗೆಟ್ಟ ವಿಮಾನ ಪ್ರಯಾಣದ ನಂತರ ಇದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಪೆಟ್ಟಿಗೆಗೆ ಏನು, ಏನು ಬೇಡ

ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಬೇಡ. ಹಡಗಿನಲ್ಲಿ ಬೆಂಕಿಯ ಭಯವೇ ದೊಡ್ಡದು, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಫಿಲ್ಟರ್ ಕಾಫಿ ಇಲ್ಲದೆ ಬದುಕಲಾರದವರು ಡಿಕಾಕ್ಷನ್ ಚಿಂತೆ ಮನೆಯಲ್ಲೇ ಬಿಟ್ಟು ಬನ್ನಿ. ನಾಲ್ಕು ಅಯಸ್ಕಾಂತದ ಕೊಕ್ಕೆ ತಗೊಂಡು ಹೋಗಿ. ಕ್ಯಾಬಿನ್ ಗೋಡೆ ಬಹುತೇಕ ಲೋಹದ್ದು, ಟಕ್ ಅಂತ ಅಂಟುತ್ತದೆ. ಒದ್ದೆ ಟವೆಲ್, ಟೋಪಿ, ಔಷಧಿ ಚೀಲ ನೇತುಹಾಕಬಹುದು. ವಾಂತಿಯ ಮಾತ್ರೆ ಡಾಕ್ಟರನ್ನು ಕೇಳಿ, ತಲೆ ತಿರುಗಿದ ಮೇಲಲ್ಲ, ಮೊದಲೇ ತೆಗೆದುಕೊಳ್ಳಿ.

ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇದನ್ನು ಎರಡು ಸಲ ಓದಿ. ದಡ ದೂರವಾದ ಮೇಲೆ ಫೋನು ತಾನಾಗಿ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯಬಹುದು. ಅದು ಊರಿನ ರೋಮಿಂಗ್ ದರವಲ್ಲ. ಮೊದಲ ಪ್ರಯಾಣದಲ್ಲಿ ಅಮ್ಮ ತಂಗಿಗೆ ಸೂರ್ಯಾಸ್ತದ ಫೋಟೊ ಕಳಿಸಿದಳು, ಒಂಬತ್ತು ನಿಮಿಷ ಮಾತಾಡಿದಳು. ಬಿಲ್ ನೋಡಿ ನಾನು ಸ್ವಲ್ಪ ಹೊತ್ತು ಕೂತೆ.

ಹತ್ತುವ ದಿನ, ಇಳಿಯುವ ದಿನ

ಹತ್ತಿದ ಕೂಡಲೇ ಬಫೆಗೆ ಓಡಬೇಡಿ, ಎಲ್ಲರೂ ಅಲ್ಲೇ ಇರುತ್ತಾರೆ. ಖಾಲಿ ಡೆಕ್‌ಗಳನ್ನು ಸುತ್ತಿ. ಸುರಕ್ಷತೆಯ ಡ್ರಿಲ್ ತಪ್ಪಿಸಬೇಡಿ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ಹೊರಡುವ ಹೊತ್ತಿಗೆ ಹಿಂಭಾಗದ ಡೆಕ್ ಮೇಲೆ ನಿಲ್ಲಿ, ಊರು ಚಿಕ್ಕದಾಗುತ್ತಾ ಹೋಗುವುದು ಅಲ್ಲಿಂದಲೇ ಚೆಂದ.

ಬಂದರಿನಲ್ಲಿ ಸ್ವಂತ ಟ್ಯಾಕ್ಸಿ ಮಾಡಿ ಸುತ್ತುವವರು ಹಡಗಿನ ಗಡಿಯಾರ ನೋಡಿ, ಊರಿನದ್ದಲ್ಲ. ಎರಡೂ ಬೇರೆ ಇರಬಹುದು. ಹಡಗಿನವರ ಬಸ್ಸು ತಡವಾದರೆ ಕಾಯುತ್ತಾರೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಕ್ಯಾಬಿನ್ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ದಡದಲ್ಲೇ ಸಿಗುತ್ತವೆ. ಮರುದಿನ ಉಡುವ ಬಟ್ಟೆ, ಹಲ್ಲುಜ್ಜುವ ಬ್ರಷ್, ಮಾತ್ರೆ ಮೊದಲೇ ತೆಗೆದಿಡಿ. ದುಬೈನಿಂದ ಹೋದ ಎರಡನೇ ಪ್ರಯಾಣದಲ್ಲಿ ಅಮ್ಮ ಅಚ್ಚುಕಟ್ಟಾಗಿ ಎಲ್ಲಾ ಸೀರೆ ಮಡಚಿ, ಬೀಗ ಹಾಕಿ, ಬ್ಯಾಗ್ ಹೊರಗಿಟ್ಟು ಮಲಗಿದಳು. ಬೆಳಿಗ್ಗೆ ಐದೂವರೆಗೆ ನೈಟಿಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು ಡೆಕ್‌ಗೆ ಬಂದಳು. ಹಡಗು ಪೋರ್ಟ್ ರಶೀದ್ ಕಡೆ ನಿಧಾನಕ್ಕೆ ತಿರುಗುತ್ತಿತ್ತು. ದೂರದಲ್ಲಿ ಕ್ರೇನುಗಳ ನಡುವೆ ಕೆಂಪು ಹೊಗೆಗೊಳವೆ ಕಂಡಿತು.

"ಅಗೋ, ನಮ್ಮ ಹಡಗು," ಅಂದಳು. ನಾವು ನಿಂತಿದ್ದ ಹಡಗಿನ ಬಗ್ಗೆ ಅಲ್ಲ.